ಟಿಸಿ ಇಲ್ಲದ ಮಕ್ಕಳನ್ನು ನಾವು ಸೇರಿಸಿಕೊಳ್ಳುವ ಬಗೆ

ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕ. ಸುತ್ತ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟ್ ಕೆಲಸ ನಡೆದಿರುತ್ತದೆ. ರಾಯಚೂರು, ಯಾದಗಿರಿ ಕಡೆಯಿಂದ ಕೂಲಿಗೆ ಬಂದವರು ಶೆಡ್ ಹಾಕಿಕೊಂಡು ಇರುತ್ತಾರೆ. ಅವರ ಮಕ್ಕಳು ಜೂನ್ ತಿಂಗಳು ನೋಡಿಕೊಂಡು ಬರೋದಿಲ್ಲ. ನವೆಂಬರ್‌ಗೂ ಬರುತ್ತಾರೆ, ಜನವರಿಗೂ ಬರುತ್ತಾರೆ. ಟಿಸಿ, ಅಂದರೆ ಹಳೆ ಶಾಲೆ ಕೊಡುವ ವರ್ಗಾವಣೆ ಪತ್ರ, ಮಾತ್ರ ಇರೋದಿಲ್ಲ.

"ಟಿಸಿ ತನ್ನಿ, ಆಮೇಲೆ ನೋಡೋಣ" ಅನ್ನೋದು ಬಹಳ ಶಾಲೆಗಳಲ್ಲಿ ರೂಢಿ. "ಊರಿಗಿ ಹೋಗಿ ತರಬೇಕಂದ್ರ ಕೂಲಿ ಹೋಗ್ತದ್ರಿ ಸರ್" ಅಂತ ಒಬ್ಬ ತಾಯಿ ನನಗೆ ಹೇಳಿದರು. ಜೊತೆಗಿದ್ದ ಹುಡುಗಿಗೆ ಹತ್ತು ವರ್ಷ, ಸೊಂಟದ ಮೇಲೆ ತಮ್ಮ. ಈ ತಾಯಿಯನ್ನು ಸುಮ್ನೆ ಅಲೆಸಬೇಕು ಅಂತ ಯಾವ ಕಾಯ್ದೆಯೂ ಹೇಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾದ ಕಾರಣಕ್ಕೆ ದಾಖಲಾತಿ ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ನಿರಾಕರಿಸುವುದನ್ನು 14ನೇ ಸೆಕ್ಷನ್ ತಡೆಯುತ್ತದೆ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು ಅನ್ನುತ್ತದೆ 15ನೇ ಸೆಕ್ಷನ್. ಆಧಾರ್ ಕೂಡ ಶಾಲೆಗೆ ಸೇರಲು ಕಡ್ಡಾಯವಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಹಾಗಾಗಿ ಮಗು ಬಂದ ದಿನವೇ ದಾಖಲಾತಿ ರಿಜಿಸ್ಟರ್‌ನಲ್ಲಿ ಹೆಸರು ಬರೆಯುತ್ತೇನೆ. ವಯಸ್ಸಿಗೆ ತಂದೆ ಅಥವಾ ತಾಯಿಯ ಹೇಳಿಕೆ ಬರೆಸಿ ಸಹಿ ಅಥವಾ ಹೆಬ್ಬೆಟ್ಟು ತಗೊಳ್ಳುತ್ತೇನೆ. ಅಂದೇ ಬಿಸಿಯೂಟ. ಹಳೆ ಶಾಲೆಗೆ ಟಿಸಿ ಕೇಳಿ ನಾವೇ ಪತ್ರ ಬರೆಯುತ್ತೇವೆ, ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗುತ್ತದೆ. ನಾಳೆ ಯಾರಾದರೂ ಕೇಳಿದರೆ ತೋರಿಸೋಕೆ ಫೈಲ್‌ನಲ್ಲಿ ಈ ಪ್ರತಿ ಇರಲೇಬೇಕು.

ತೊಡಕು ಶುರುವಾಗೋದು ಸ್ಯಾಟ್ಸ್‌ನಲ್ಲಿ, ಅಂದರೆ ಪ್ರತಿ ಮಗುವಿಗೂ ಒಂದು ನಂಬರ್ ಕೊಟ್ಟು ದಾಖಲೆ ಇಡುವ ಇಲಾಖೆಯ ತಂತ್ರಾಂಶದಲ್ಲಿ. ಹಳೆ ಶಾಲೆಯವರು ಬಿಡದೆ ಮಗುವಿನ ನಂಬರ್ ನಮಗೆ ಬರೋದಿಲ್ಲ. ಆ ಹುಡುಗಿಯ ಊರಿನ ಹೆಡ್ ಮಾಸ್ಟರ್‌ಗೆ ಫೋನ್ ಮಾಡಿದೆ. ಒರಟಾಗಿ ಮಾತಾಡಬಹುದು ಅಂದುಕೊಂಡಿದ್ದೆ, ಅವರು ಪಾಪ ಬೇಡಿಕೊಳ್ಳೋ ದನಿಯಲ್ಲಿ ಹೇಳಿದರು: "ಸರ್, ನಮ್ಮಲ್ಲಿ 61 ಮಕ್ಕಳದಾರ. ಇಕಿ ಹೋದ್ರ ಒಂದು ಪೋಸ್ಟ್ ಹೋಗ್ತದ್ರಿ." ಕಾಯ್ದೆಯ ಅನುಬಂಧದ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಒಂದು ಮಗು ಕಡಿಮೆಯಾದರೆ ಮೂರನೇ ಶಿಕ್ಷಕರು 'ಹೆಚ್ಚುವರಿ' ಪಟ್ಟಿಗೆ ಹೋಗುತ್ತಾರೆ. ಐದು ತರಗತಿಗಳನ್ನು ಉಳಿದ ಇಬ್ಬರೇ ನೋಡಿಕೊಳ್ಳಬೇಕು. ಅವರ ಮೇಲೆ ಕೋಪ ಮಾಡಿಕೊಳ್ಳೋದು ಹೇಗೆ? ಮಕ್ಕಳು ಗುಳೆ ಹೋಗೋ ಊರಿನಲ್ಲೇ ಶಿಕ್ಷಕರೂ ಕಡಿಮೆಯಾಗುತ್ತಾರೆ. ತಲೆ ಎಣಿಸಿ ಹುದ್ದೆ ಕೊಡೋ ಈ ಪದ್ಧತಿ ನನ್ನ ಪ್ರಕಾರ ಬಡ ತಾಲೂಕುಗಳಿಗೆ ಮಾಡುವ ಅನ್ಯಾಯ.

ಆದರೂ ಬೇಕಂತ ಟಿಸಿ ತಡ ಮಾಡುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮ ಆಗಬಹುದು ಅಂತ ಅದೇ 5ನೇ ಸೆಕ್ಷನ್‌ನಲ್ಲಿದೆ. ಪತ್ರದಲ್ಲಿ ಸೆಕ್ಷನ್ ನಂಬರ್ ಮಾತ್ರ ಬರೆದೆ, ಬೆದರಿಕೆಯ ಮಾತು ಬರೆಯಲಿಲ್ಲ. ನಂಬರ್ ಬರೋವರೆಗೆ ಸಮವಸ್ತ್ರಕ್ಕೆ ಹೋದ ವರ್ಷ ಉಳಿದದ್ದು ಕೊಟ್ಟೆವು, ಪುಸ್ತಕ ಹಳೆಯದು.

ಯಾವ ತರಗತಿ ಅನ್ನೋದರಲ್ಲಿ ಮಾತ್ರ ನಮ್ಮ ಶಿಕ್ಷಕರಲ್ಲೇ ಜಗಳ ಜಾಸ್ತಿ. ಎರಡನೇ ತರಗತಿಗೆ ಬಿಟ್ಟ ಹುಡುಗಿಯನ್ನು ಐದರಲ್ಲಿ ಕೂರಿಸೋದಾ? 4ನೇ ಸೆಕ್ಷನ್ ಪ್ರಕಾರ ಹೌದು, ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ. ತರಬೇತಿಗೆ ಬೇರೆ ಶಿಕ್ಷಕರು ನಮಗಿಲ್ಲ. ಬೆಳಗಿನ ಮೊದಲ ಪೀರಿಯಡ್ ಅವಳು ಚಿಕ್ಕ ತರಗತಿ ಮಕ್ಕಳ ನಲಿಕಲಿ ಕೊಠಡಿಯಲ್ಲಿ ಕಾಗುಣಿತ ತಿದ್ದುತ್ತಾಳೆ, ಆಮೇಲೆ ಐದಕ್ಕೆ ಬರುತ್ತಾಳೆ. ಗಣಿತದಲ್ಲಿ ಉಳಿದವರಿಗಿಂತ ಚುರುಕು. ಸಿಮೆಂಟ್ ಮೂಟೆ ಎಣಿಸಿ ಬಾಯಿಲೆಕ್ಕ ಬಂದಿದೆ.

ಕಟ್ಟಡ ಮುಗಿದರೆ ಇವರು ಮತ್ತೆ ಹೊರಡುತ್ತಾರೆ. ಆಗ ಇಳಿಯೋದು ನಮ್ಮ ಸಂಖ್ಯೆ. ಮೇಸ್ತ್ರಿಯ ಹತ್ತಿರ ವಿಚಾರಿಸಿಕೊಂಡು ಮೊದಲೇ ಟಿಸಿ ಬರೆದಿಟ್ಟು ತಂದೆತಾಯಿ ಕೈಗೆ ಕೊಡುತ್ತೇವೆ. ಜೊತೆಗೊಂದು ಚೀಟಿ: ಮಗುವಿಗೆ ಏನು ಓದಲು ಬರುತ್ತದೆ, ಲೆಕ್ಕ ಎಲ್ಲಿಯವರೆಗೆ ಆಗಿದೆ, ಸ್ಯಾಟ್ಸ್ ನಂಬರ್ ಏನು. ಕೆಳಗೆ ನನ್ನ ಫೋನ್ ನಂಬರ್.