ಊರಿನ ಮಿಲಿಟ್ರಿ ದೊಡ್ಡಪ್ಪನ ಲಂಕಾ ಕತೆ ಬರೆದಿಡೋದು ಹೇಗೆ

ನಮ್ಮ ಬಂಗಾರಪೇಟೆ ಕಡೆ ಹಳ್ಳಿಗಳಲ್ಲಿ 'ಮಿಲಿಟ್ರಿಯವರ ಮನೆ' ಅಂತ ಒಂದಾದರೂ ಇರುತ್ತೆ. ನಮ್ಮೂರಲ್ಲಿ ಅದು ದೊಡ್ಡಪ್ಪನ ಮನೆ. ಶ್ರೀಲಂಕಾದಲ್ಲಿ 1983ರಿಂದ 2009ರವರೆಗೆ ಅಂತರ್ಯುದ್ಧ ನಡೀತಲ್ವಾ, ಅದರ ಮಧ್ಯೆ 1987ರಿಂದ 1990ರ ತನಕ ನಮ್ಮ ಸೈನ್ಯವೂ ಶಾಂತಿಪಾಲನಾ ಪಡೆ ಅಂತ ಅಲ್ಲಿತ್ತು. ಐಪಿಕೆಎಫ್ ಅಂತಾರಲ್ಲ, ಅದೇ. ದೊಡ್ಡಪ್ಪ ಮದ್ರಾಸ್ ರೆಜಿಮೆಂಟಿನ ಒಂದು ಪಲ್ಟನ್ ಜೊತೆ ಹೋಗಿದ್ದರು. ಅಲ್ಲಿಗೆ ಹೋಗಿಬಂದವರಲ್ಲಿ ಹೆಚ್ಚಿನವರಿಗೆ ಈಗ 60 ಆಗಿದೆ, ಇಲ್ಲ ದಾಟಿದೆ. ಮುಂದಿನ ವರ್ಷ ನೋಡೋಣ ಅಂತ ಬಿಡಬೇಡಿ. ನಾನು ಎರಡು ವರ್ಷ ಒದ್ದಾಡಿ, ಎಡವಿ ಕಲಿತದ್ದನ್ನು ಇಲ್ಲಿ ಹಾಕ್ತಿದ್ದೇನೆ.

ಮೊದಲು ಬಾಯಿ ಬಿಡಬೇಡಿ, ಟ್ರಂಕ್ ತೆಗೆಸಿ. ಪ್ರತಿ ಮಾಜಿ ಸೈನಿಕರ ಮನೆಯಲ್ಲೂ ಡಿಸ್ಚಾರ್ಜ್ ಬುಕ್ ಅಂತ ಒಂದು ಇರುತ್ತೆ. ಅದರಲ್ಲಿ ಆರ್ಮಿ ನಂಬರ್, ಸೇರಿದ ತಾರೀಖು, ರ್‍ಯಾಂಕ್, ಮೆಡಲ್ ಎಲ್ಲಾ ಸಿಗುತ್ತೆ. ಮೆಡಲ್ ಇದ್ದರೆ ಕೈಯಲ್ಲಿ ಹಿಡಿದು ಅಂಚನ್ನು ಬೆಳಕಿಗೆ ತಿರುಗಿಸಿ ನೋಡಿ. ನಂಬರ್, ಹೆಸರು, ಯೂನಿಟ್ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತೆ. ನಮ್ಮ ದೊಡ್ಡಪ್ಪನ ಮೆಡಲ್ ಹುಣಸೆಹಣ್ಣಿನ ಡಬ್ಬದ ಪಕ್ಕ ಇದ್ದು ಕಪ್ಪಾಗಿತ್ತು. ಆದರೂ ರಿಬ್ಬನ್ ಮೇಲಿನ 'ಶ್ರೀಲಂಕಾ' ಅನ್ನೋ ಪಟ್ಟಿ ಓದಕ್ಕೆ ಬಂತು. ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತೆ. ಆಮೇಲೆ ದೊಡ್ಡಮ್ಮನನ್ನು ಕಾಗದ ಕೇಳಿ. ಇನ್‌ಲ್ಯಾಂಡ್ ಲೆಟರ್‌ಗಳಲ್ಲಿ ಊರಿನ ಹೆಸರು ಇರಲ್ಲ, ಯೂನಿಟ್ ಮತ್ತು ಎಪಿಒ (ಸೈನ್ಯದ ಅಂಚೆ ಕಚೇರಿ) ನಂಬರ್ ಅಷ್ಟೇ. ಆದರೆ ಅಂಚೆ ಮುದ್ರೆಯಲ್ಲಿ ತಾರೀಖು ಇರುತ್ತೆ. ಅದು ಚಿನ್ನ ಇದ್ದ ಹಾಗೆ, ಯಾಕಂದ್ರೆ ಇವರ ನೆನಪಿನಲ್ಲಿ ಎಲ್ಲಾ 'ದೀಪಾವಳಿ ಆದಮೇಲೆ' 'ಸುಗ್ಗಿ ಹೊತ್ತಿಗೆ' ಅಂತಲೇ ಇರೋದು.

ಇನ್ನೊಂದು ಗೊಂದಲ ಮೊದಲೇ ತೀರಿಸಿಕೊಳ್ಳಿ. ರೆಜಿಮೆಂಟ್ ಅಂದರೆ ದೊಡ್ಡ ಮನೆತನ. ಮದ್ರಾಸ್ ರೆಜಿಮೆಂಟಿನ ಸೆಂಟರ್ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದು ನಮ್ಮ ಬೆಳಗಾವಿಯಲ್ಲಿ. ಯುದ್ಧಕ್ಕೆ ಹೋಗೋದು ಮನೆತನ ಅಲ್ಲ, ಅದರ ಒಂದೊಂದು ಬೆಟಾಲಿಯನ್. ಇವರ ಬಾಯಲ್ಲಿ ಅದು ಪಲ್ಟನ್. ಒಂದು ಪಲ್ಟನ್‌ನಲ್ಲಿ ಸುಮಾರು 800 ಜನ, ಅದರೊಳಗೆ ಕಂಪನಿಗಳು, ಕಂಪನಿಯಲ್ಲಿ ಪ್ಲಟೂನ್‌ಗಳು, ಕೊನೆಗೆ ಹತ್ತು ಜನರ ಸೆಕ್ಷನ್. ಸುಮ್ನೆ 'ಮದ್ರಾಸ್ ರೆಜಿಮೆಂಟ್' ಅಂತ ಬರೆದುಕೊಂಡರೆ ಏನೂ ಹುಡುಕಕ್ಕಾಗಲ್ಲ. ಎಷ್ಟನೇ ಪಲ್ಟನ್, ಯಾವ ಕಂಪನಿ, ಅಷ್ಟು ಬೇಕೇ ಬೇಕು. ಸಿಪಾಯಿ ನೋಡಿದ ಯುದ್ಧ ಅವನ ಸೆಕ್ಷನ್ನಿನಷ್ಟೇ ದೊಡ್ಡದು. ಪಕ್ಕದ ಕಂಪನಿಗೆ ಏನಾಯ್ತು ಅಂತ ಅವರಿಗೂ ಆಮೇಲೆ ಲಂಗರ್‌ನಲ್ಲಿ ಊಟಕ್ಕೆ ಕೂತಾಗ ಗೊತ್ತಾಗಿದ್ದು.

ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದು ಜೇಬಲ್ಲಿಟ್ಟುಕೊಳ್ಳಿ. 1987ರ ಜುಲೈ 29ಕ್ಕೆ ಕೊಲಂಬೊದಲ್ಲಿ ರಾಜೀವ್ ಗಾಂಧಿ, ಲಂಕಾ ಅಧ್ಯಕ್ಷ ಜಯವರ್ಧನೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಆಗ ಲಂಕೆಯ ಉತ್ತರದ ಜಾಫ್ನಾದ ತಮಿಳರು ನಮ್ಮವರಿಗೆ ಹಾರ ಹಾಕಿದ್ದರು. ಸೆಪ್ಟೆಂಬರ್ 26ಕ್ಕೆ ಉಪವಾಸ ಕೂತಿದ್ದ, ತಮಿಳರಿಗೆ ಬೇರೆ ನಾಡು ಬೇಕು ಅಂತ ಬಂದೂಕು ಹಿಡಿದಿದ್ದ ಎಲ್‌ಟಿಟಿಇಯ ತಿಲೀಪನ್ ಸತ್ತ. ಅಕ್ಟೋಬರ್ 5ಕ್ಕೆ ಪಲಾಲಿಯಲ್ಲಿ ಸೆರೆ ಸಿಕ್ಕಿದ್ದ ಎಲ್‌ಟಿಟಿಇಯವರು ಸಯನೈಡ್ ನುಂಗಿದರು. ಅದಾದ ಒಂದೇ ವಾರದೊಳಗೆ ಅವರ ಕೈಯಿಂದ ಜಾಫ್ನಾ ಬಿಡಿಸೋ ನಮ್ಮ ಸೈನ್ಯದ ಕಾರ್ಯಾಚರಣೆ 'ಆಪರೇಷನ್ ಪವನ್' ಶುರು. ಹಾರ ಹಾಕಿದ ಬೀದಿಯಲ್ಲೇ ಗುಂಡು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ಯೂನಿವರ್ಸಿಟಿ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಇಳಿದ 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರು, ಒಬ್ಬರು ಸೆರೆ ಸಿಕ್ಕರು. ನವೆಂಬರ್ 25ಕ್ಕೆ 8 ಮಹಾರ್‌ನ (ಅಂದರೆ ಮಹಾರ್ ರೆಜಿಮೆಂಟಿನ 8ನೇ ಪಲ್ಟನ್) ಮೇಜರ್ ರಾಮಸ್ವಾಮಿ ಪರಮೇಶ್ವರನ್ ಹೋರಾಡ್ತಾ ಸತ್ತರು, ಅವರಿಗೆ ಪರಮವೀರ ಚಕ್ರ ಬಂತು. 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ಹೊರಟಿತು. ವಾಪಸ್ ಬಂದವರನ್ನು ಎದುರುಗೊಳ್ಳಲು ಆಗಿನ ತಮಿಳುನಾಡು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಒಟ್ಟು 1,100ಕ್ಕೂ ಜಾಸ್ತಿ ಭಾರತದ ಯೋಧರು ಅಲ್ಲಿ ಸತ್ತಿದ್ದಾರೆ. ಈ ಹಾಳೆ ಅವರಿಗೆ ಪಾಠ ಹೇಳಕ್ಕಲ್ಲ. 'ಆ ಸಿಖ್ಖರ ಹುಡುಗರು ಹೋದರಲ್ಲ, ಅದಕ್ಕೆ ಮುಂಚೆಯೋ ಆಮೇಲೋ?' ಅಂತ ಕೇಳಕ್ಕೆ.

ಈಗ ಮುಖ್ಯ ವಿಷಯ, ಪ್ರಶ್ನೆ. ನಾನು ಮೊದಲ ದಿನವೇ ಪೆದ್ದನ ಹಾಗೆ 'ದೊಡ್ಡಪ್ಪಾ, ಎಷ್ಟು ಜನರನ್ನ ಹೊಡೆದ್ರಿ?' ಅಂತ ಕೇಳಿದೆ. ಅವರು ಎದ್ದು ಹಸುವಿಗೆ ಹುಲ್ಲು ಹಾಕಕ್ಕೆ ಹೋದವರು ಆ ದಿನ ಮಾತಾಡಲೇ ಇಲ್ಲ. ಯುದ್ಧದ ಬಗ್ಗೆ ಯುದ್ಧ ಅಂತ ಕೇಳಬಾರದು. ಕೈಗೆ, ಕಾಲಿಗೆ, ಹೊಟ್ಟೆಗೆ ಸಂಬಂಧಪಟ್ಟದ್ದು ಕೇಳಿ. ಬೆನ್ನಿನ ಮೇಲೆ ಏನೇನು ಇತ್ತು? ರಾತ್ರಿ ಪಕ್ಕದಲ್ಲಿ ಮಲಗ್ತಿದ್ದದ್ದು ಯಾರು, ಯಾವ ಊರಿನವರು? ನೀರು ಎಲ್ಲಿಂದ? ಶೂ ಎಷ್ಟು ದಿನ ಬಿಚ್ಚಲಿಲ್ಲ? ನಾನು 'ಮಣ್ಣು ಹೇಗಿತ್ತು ದೊಡ್ಡಪ್ಪ?' ಅಂದಿದ್ದಕ್ಕೆ ಅವರು ಇದ್ದಕ್ಕಿದ್ದಂತೆ ಶುರು ಮಾಡಿದರು: 'ನಮ್ಮ ಕೋಲಾರದ ಕೆಮ್ಮಣ್ಣೇ ಕಣೋ, ಅದೇ ಬಣ್ಣ. ತಾಳೆ ಮರ ಬೇರೆ. ಮಣ್ಣು ಹೊಸದಾಗಿ ಅಗೆದಂಗೆ ಕಂಡರೆ ರಸ್ತೆ ಬಿಟ್ಟು ಇಳೀತಿದ್ವಿ.' ರಸ್ತೆಯಡಿ ಮೈನ್ ಹೂತಿಡ್ತಿದ್ದರಲ್ಲ, ಅದರ ಕತೆ ಹೀಗೆ ಹೊರಗೆ ಬಂತು. ಬಂದೂಕಿನ ಮಾತೂ ಅಷ್ಟೇ. ನಮ್ಮವರ ಎಸ್‌ಎಲ್‌ಆರ್ ರೈಫಲ್ಲಿನ ಮ್ಯಾಗಜೀನ್‌ನಲ್ಲಿ 20 ಗುಂಡು, ಎದುರಿನವರ ಎಕೆ-47ನಲ್ಲಿ 30. 'ಲೆಕ್ಕ ನಿನಗೇ ಗೊತ್ತಾಯ್ತಲ್ಲ' ಅಂತ ನಕ್ಕರು.

ಭಾಷೆ ಬಗ್ಗೆ ತಪ್ಪದೆ ಕೇಳಿ. ಕೆಜಿಎಫ್ ಸುತ್ತಮುತ್ತಲಿನವರಿಗೆ ತಮಿಳು ಬರುತ್ತೆ, ಹಾಗಾಗಿ ಮನೆ ಮನೆ ಹುಡುಕುವಾಗ ಮಾತಾಡೋ ಕೆಲಸ ಇಂಥವರ ತಲೆಗೇ ಬಂದಿರುತ್ತೆ. ಒಳಗಿನ ಮುದುಕಿ ಬೈದಿದ್ದೆಲ್ಲಾ ಅರ್ಥ ಆಗ್ತಿತ್ತು ಅಂದರು ದೊಡ್ಡಪ್ಪ. ಅದಕ್ಕಿಂತ ಜಾಸ್ತಿ ನಾನು ಕೆದಕಲಿಲ್ಲ.

ಕೆದಕಬಾರದು ಅಂದರೆ ಮುಚ್ಚಿಡಬೇಕು ಅಂತ ಅಲ್ಲ. 1987ರ ಅಕ್ಟೋಬರ್ 21, 22ರಂದು ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ಡಾಕ್ಟರು, ನರ್ಸುಗಳು ಸತ್ತಿದ್ದಾರೆ. ನೀವು ಬರೆಯುವ ಕತೆಯಲ್ಲಿ ಆ ಊರಿನವರಿಗೆ ಏನಾಯ್ತು ಅನ್ನೋದೂ ಇರಲಿ. ಅವರ ಬಾಯಿಂದ ಬರದಿದ್ದರೆ ನಿಮ್ಮ ಮಾತಾಗಿ ಬೇರೆ ಪ್ಯಾರಾದಲ್ಲಿ ಬರೆಯಿರಿ, ಅವರ ಬಾಯಿಗೆ ತುರುಕಬೇಡಿ. ಮಾತಾಡ್ತಾ ಕೈ ನಡುಗಿದರೆ, ಸುಮ್ಮನಾದರೆ, ಫೋನ್ ಆಫ್ ಮಾಡಿ ಕಾಫಿ ತರಿಸಿ.

ರೆಕಾರ್ಡಿಂಗ್ ವಿಷಯದಲ್ಲಿ ಎರಡೇ ಮಾತು. ಫ್ಯಾನ್ ನಿಲ್ಲಿಸಿ, ನನ್ನ ಮೊದಲ ಎರಡು ಗಂಟೆ ಪೂರ್ತಿ ಬರೀ ಫ್ಯಾನ್ ಸದ್ದು. ಮತ್ತೆ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಕೂರಿಸಿ. ಸಂಜೆ ಮಿಲಿಟ್ರಿ ಕ್ಯಾಂಟೀನ್ ರಮ್ ಒಳಗೆ ಹೋದ ಮೇಲೆ ಕತೆ ರುಚಿಯಾಗಿರುತ್ತೆ ನಿಜ, ಆದರೆ ಒಂದು ಸೆಕ್ಷನ್ ಮಾಡಿದ ಕೆಲಸಕ್ಕೆ ಹಲವು ಪಲ್ಟನ್ ಸೇರಿದ ಇಡೀ ಬ್ರಿಗೇಡ್ ಬಂದುಬಿಡುತ್ತೆ.

ಆಮೇಲೆ ತಾಳೆ ನೋಡೋ ಕೆಲಸ. ಅವರು ಹೇಳಿದ ಸತ್ತ ಗೆಳೆಯರ ಹೆಸರನ್ನು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ವೆಬ್‌ಸೈಟಿನಲ್ಲಿ ಹುಡುಕಬಹುದು. ಸೇವಾ ದಾಖಲೆ ಬೇಕಿದ್ದರೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಆರ್ಮಿ ನಂಬರ್ ಹಾಕಿ, ಅವರದೇ ಸಹಿಯಲ್ಲಿ ಅರ್ಜಿ ಬರೆಯಿರಿ. ದಾರಿ ಗೊತ್ತಾಗದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಉತ್ತರಕ್ಕೆ ಕಾಯೋ ತಾಳ್ಮೆ ಇರಲಿ.

ಬರೆದದ್ದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಪಕ್ಕದಲ್ಲಿ ಜಾಗ ಬಿಟ್ಟು, ಒಂದು ಬಾಲ್‌ಪೆನ್ ಜೊತೆ ಅವರ ಕೈಗೆ ಕೊಡಿ. ದೊಡ್ಡಪ್ಪ ಮೂರು ಕಡೆ ರ್‍ಯಾಂಕ್ ತಿದ್ದಿದರು, ಒಂದು ಹೆಸರನ್ನು ಪೂರ್ತಿ ಹೊಡೆದುಹಾಕಿದರು, ಯಾಕೆ ಅಂತ ನಾನು ಕೇಳಲಿಲ್ಲ. ಅವರು ಒಪ್ಪಿದ ಮೇಲೆ ಅವರ ಪಲ್ಟನ್ನಿನ ವಾಟ್ಸಾಪ್ ಗ್ರೂಪಿಗೆ ಹಾಕಿಸಿದೆ. ರಾತ್ರಿ ಹನ್ನೊಂದರ ತನಕ ಫೋನ್ ಬಡ್ಕೊಳ್ತಾನೇ ಇತ್ತು. ಅವತ್ತು ಜೋರು ಮಳೆ ಅಂತ ಒಬ್ಬರು, ಮಳೆ ಎಲ್ಲಿತ್ತಯ್ಯಾ ಅಂತ ಇನ್ನೊಬ್ಬರು. ಎರಡನ್ನೂ ಯಾರು ಹೇಳಿದ್ದು ಅಂತ ಗುರುತು ಹಾಕಿ ಹಾಗೇ ಇಟ್ಟಿದ್ದೇನೆ.