ಭುಜದ ಹಿಂಭಾಗಕ್ಕೆ ಕೆಟಲ್‌ಬೆಲ್ ರೋ: ಮೊಣಕೈ ಎತ್ತ ಹೋಗಬೇಕು?

ಪುಶ್-ಅಪ್, ಬೆಂಚ್ ಪ್ರೆಸ್ ಮಾಡುವವರಿಗೆ ಭುಜದ ಮುಂಭಾಗ ತಾನಾಗೇ ಗಟ್ಟಿಯಾಗುತ್ತದೆ. ಹಿಂಭಾಗ, ಅಂದರೆ ಜಿಮ್ಮಿನವರ ಬಾಯಲ್ಲಿ ರೇರ್ ಡೆಲ್ಟ್, ಹಿಂದೆಯೇ ಉಳಿದುಬಿಡುತ್ತದೆ. ಮಾಮೂಲಿ ರೋ (ಬಾಗಿ ನಿಂತು ತೂಕವನ್ನು ಮೈಯತ್ತ ಎಳೆಯುವ ವ್ಯಾಯಾಮ) ಮಾಡಿದರೂ ಮೊಣಕೈ ಪಕ್ಕೆಗೆ ಒರೆಸಿಕೊಂಡು ಹೋಗುವುದರಿಂದ ಹೆಚ್ಚಿನ ಕೆಲಸ ಬೆನ್ನಿನ ಅಗಲ ಸ್ನಾಯುಗಳಾದ ಲ್ಯಾಟ್ಸ್ ಪಾಲು. ಮೊಣಕೈಯನ್ನು ಹೊರಕ್ಕೆ ಅಗಲಿಸಿ ಎಳೆಯಿರಿ, ಅದೇ ರೋ ಭುಜದ ಹಿಂಭಾಗಕ್ಕೆ ತಾಕುತ್ತದೆ.

ಈ ಸ್ನಾಯು ಚಿಕ್ಕದು. ಹೊಸಬರಿಗೆ 4ರಿಂದ 6 ಕೆ.ಜಿ.ಯ ಕೆಟಲ್‌ಬೆಲ್ (ಮೇಲೆ ಹಿಡಿಯಿರುವ ಗುಂಡು) ಸಾಕು. ಮಾಮೂಲಿ ರೋದಲ್ಲಿ 16 ಕೆ.ಜಿ. ಎತ್ತುವವರೂ ಇಲ್ಲಿ 8ಕ್ಕೆ ಇಳಿಯಲಿ, ಅದರಲ್ಲಿ ನಾಚಿಕೆಯೇನಿಲ್ಲ.

ಎಡಗೈಯನ್ನು ಬೆಂಚಿನ ಮೇಲೋ ಅಲ್ಲಾಡದ ಕುರ್ಚಿಯ ಮೇಲೋ ಊರಿ. ಮಂಡಿ ತುಸು ಮಡಚಿ, ಸೊಂಟ ಹಿಂದಕ್ಕೆ ತಳ್ಳಿ, ಬೆನ್ನು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗುವಷ್ಟು ಬಾಗಿ. ಅರ್ಧಂಬರ್ಧ ಬಾಗಿದರೆ ಕೆಲಸ ಕುತ್ತಿಗೆ ಪಕ್ಕದ ಟ್ರ್ಯಾಪ್ಸ್‌ಗೆ ಜಾರುತ್ತದೆ. ಬಲಗೈಯಲ್ಲಿ ಹಿಡಿದ ಬೆಲ್ ಭುಜದ ನೇರ ಕೆಳಗೆ ತೂಗಲಿ, ಅಂಗೈ ಕಾಲಿನ ಕಡೆಗಿರಲಿ.

ಈಗ ಮೊಣಕೈಯನ್ನು ಹೊರಕ್ಕೂ ಮೇಲಕ್ಕೂ ಎತ್ತಿ. ಮೇಲ್ತೋಳಿಗೂ ಪಕ್ಕೆಗೂ ನಡುವೆ 60ರಿಂದ 75 ಡಿಗ್ರಿ ಕೋನ. ಎಳೆಯುವಾಗಲೆಲ್ಲ ಮುಂಗೈ ತೂಗುಗುಂಡಿನಂತೆ ನೆಟ್ಟಗೆ. ಮೊಣಕೈ ಬೆನ್ನಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ಅಲ್ಲಿಂದಾಚೆ ಎಳೆದರೆ ಮೈ ತಿರುಚುತ್ತದೆ, ಹೆಗಲ ಮೂಳೆಯ ಸುತ್ತಲ ಸ್ನಾಯುಗಳು ಕೆಲಸ ಕಸಿದುಕೊಳ್ಳುತ್ತವೆ. ಒಂದು ಸೆಕೆಂಡ್ ತಡೆದು, ಮೂರು ಸೆಕೆಂಡ್‌ನಲ್ಲಿ ಇಳಿಸಿ.

ಕೆಟಲ್‌ಬೆಲ್‌ನ ಭಾರವೆಲ್ಲ ಹಿಡಿಯ ಕೆಳಗಿರುವುದರಿಂದ ಜರ್ಕ್ ಕೊಟ್ಟರೆ ಗುಂಡು ಓಲಾಡುತ್ತದೆ. ಡಂಬೆಲ್‌ನಲ್ಲಿ ಈ ಕಳ್ಳತನ ಇಷ್ಟು ಸುಲಭವಾಗಿ ಬಯಲಾಗುವುದಿಲ್ಲ. ಗುಂಡು ಓಲಾಡಿದರೆ ತೂಕ ಇಳಿಸಿ. ಮಣಿಕಟ್ಟು ಒಳಕ್ಕೆ ಮಡಚಿದರೆ, ಭುಜ ಕಿವಿಯತ್ತ ಏರಿದರೆ ಕೂಡ ಅಷ್ಟೇ.

ದಣಿವು ಕಾಣಬೇಕಾದ ಜಾಗ ಭುಜದ ಹಿಂದೆ, ಕಂಕುಳ ಮಡಿಕೆಯ ಮೇಲ್ಗಡೆ. ಭುಜದ ಮುಂದೆ ಚುಚ್ಚಿದಂತಾದರೆ ಕೋನವನ್ನು 45–50 ಡಿಗ್ರಿಗೆ ತಗ್ಗಿಸಿ. ಆಗಲೂ ಚುಚ್ಚಿದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಬಲ ಕಡಿಮೆಯಿರುವ ಕೈಯಿಂದ ಶುರುಮಾಡಿ, ಒಂದೊಂದು ಕೈಗೆ 12ರಿಂದ 15 ಸಲದಂತೆ 3 ಸೆಟ್, ನಡುವೆ 60–90 ಸೆಕೆಂಡ್ ವಿರಾಮ, ವಾರಕ್ಕೆ ಎರಡು ದಿನ. ಕೆಟಲ್‌ಬೆಲ್ ಸಾಮಾನ್ಯವಾಗಿ 4 ಕೆ.ಜಿ. ಅಂತರದಲ್ಲಿ ಸಿಗುತ್ತದೆ, 8ರಿಂದ 12ಕ್ಕೆ ಹೋದರೆ ಒಂದೇ ಸಲಕ್ಕೆ ಶೇ. 50 ಭಾರ ಏರಿದಂತೆ. ಹಾಗಾಗಿ ಮೊದಲು ಅದೇ ತೂಕದಲ್ಲಿ 20 ಸಲ ಎಳೆಯಿರಿ, ಮೇಲೆ ಮೂರು ಸೆಕೆಂಡ್ ತಡೆಯಿರಿ. ಅದು ಸಲೀಸಾದ ಮೇಲೆ ಮುಂದಿನ ಬೆಲ್ ಮುಟ್ಟಿ.