ಸಿಪ್ಯಾಪ್ ಹಾಕಿಕೊಂಡರೂ ಸುಸ್ತೇ? ಮೊದಲು ಲೀಕ್ ನೋಡಿ

ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ತೊಂದರೆ) ಇದೆ ಎಂದು ಡಾಕ್ಟರ್ ಹೇಳಿ, ಮಾಸ್ಕ್ ಮೂಲಕ ಗಾಳಿ ಊದಿ ಗಂಟಲು ತೆರೆದಿಡುವ ಸಿಪ್ಯಾಪ್ ಮಷಿನ್ ಮನೆಗೆ ಬಂದು ತಿಂಗಳಾಗಿರುತ್ತದೆ. ಗೊರಕೆ ನಿಂತಿದೆ. ಆದರೆ ಮಧ್ಯಾಹ್ನ ಊಟ ಆಯಿತೆಂದರೆ ಕಣ್ಣು ಎಳೆಯುತ್ತವೆ. ವಿಜಯಪುರದಲ್ಲಿ ಹೀಗೆ ಹೇಳುವವರು ಸಿಕ್ಕಾಗಲೆಲ್ಲ ಮೊದಲು ಕೇಳುವುದು ‘ಮಷಿನ್ ಗಾಳಿಯ ಪ್ರೆಶರ್ ಏರಿಸಲಾ?’ ಎಂದು. ದಯವಿಟ್ಟು ಅವಸರ ಬೇಡ. ಮಷಿನ್ ರಾತ್ರಿಯ ಲೆಕ್ಕವನ್ನೆಲ್ಲ ಬರೆದಿಡುತ್ತದೆ. ಅದನ್ನು ಈ ಕ್ರಮದಲ್ಲಿ ಓದಿ.

1. ಲೆಕ್ಕ ಎಲ್ಲಿದೆ?

ಬೆಳಿಗ್ಗೆ ಮಷಿನ್ ಪರದೆಯ ಮೇಲೆ ಅಥವಾ ಕಂಪನಿಯ ಆ್ಯಪ್‌ನಲ್ಲಿ ಸಾರಾಂಶ ಸಿಗುತ್ತದೆ. ಮಷಿನ್‌ನಲ್ಲಿ ಎಸ್.ಡಿ. ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ‘ಆಸ್ಕರ್’ ಎಂಬ ಉಚಿತ ಸಾಫ್ಟ್‌ವೇರ್ ಹಲವು ಮಷಿನ್‌ಗಳ ಕಾರ್ಡ್ ಓದುತ್ತದೆ, ಇಡೀ ರಾತ್ರಿಯ ಉಸಿರಾಟದ ಗ್ರಾಫ್ ತೋರಿಸುತ್ತದೆ. ಕಾರ್ಡನ್ನು ಕಂಪ್ಯೂಟರ್‌ಗೆ ಹಾಕುವ ಮೊದಲು, ಅದರಲ್ಲಿನ ಲೆಕ್ಕ ಅಳಿಸದಂತೆ ಅಂಚಿನ ಪುಟ್ಟ ಲಾಕ್ ಸರಿಸಿ. ಮಷಿನ್‌ಗೆ ವಾಪಸ್ ಹಾಕುವಾಗ ಆ ಲಾಕ್ ತೆಗೆಯಿರಿ.

2. ಎಷ್ಟು ತಾಸು ಹಾಕಿದ್ದಿರಿ?

ಮಷಿನ್‌ನ ಅಂಕಿಗಳೆಲ್ಲ ಮಾಸ್ಕ್ ಹಾಕಿದ್ದ ಹೊತ್ತಿನವು ಮಾತ್ರ. ಕನಸು ಬೀಳುವ ನಿದ್ದೆ ಬೆಳಗಿನ ಜಾವಕ್ಕೆ ಜಾಸ್ತಿ. ಬಹಳ ಜನಕ್ಕೆ ಉಸಿರು ಹೆಚ್ಚು ಕಟ್ಟುವುದೂ ಆಗಲೇ. ಮೂರಕ್ಕೆ ಎದ್ದು ಮಾಸ್ಕ್ ಕಿತ್ತಿಟ್ಟು ಮಲಗಿದರೆ, ಪರದೆಯ ಮೇಲೆ ಚಂದದ ಅಂಕಿ ಇದ್ದರೂ ಮೈ ಭಾರವೇ ಇರುತ್ತದೆ.

3. ಲೀಕ್

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಗಾಳಿ ಸೋರಿದರೆ ಪ್ರೆಶರ್ ಗಂಟಲಿಗೆ ಸರಿಯಾಗಿ ಮುಟ್ಟುವುದಿಲ್ಲ, ಉಳಿದ ಅಂಕಿಗಳನ್ನೂ ನಂಬುವಂತಿಲ್ಲ. ಮಾಸ್ಕ್‌ನ ಸಣ್ಣ ತೂತುಗಳು ನೀವು ಬಿಟ್ಟ ಉಸಿರು ಹೊರಹೋಗಲು ಇರುವಂಥವು, ಅವನ್ನು ಮುಚ್ಚಬಾರದು. ರೆಸ್‌ಮೆಡ್ ಮಷಿನ್‌ಗಳು ಆ ಗಾಳಿಯನ್ನು ಕಳೆದು ಉಳಿದ ಲೀಕ್ ತೋರಿಸುತ್ತವೆ. ಅದು ನಿಮಿಷಕ್ಕೆ 24 ಲೀಟರ್ ದಾಟಿದರೆ ಜಾಸ್ತಿ ಎಂದರ್ಥ. ಬೇರೆ ಕಂಪನಿಗಳ ಲೆಕ್ಕ ಬೇರೆ ಇರಬಹುದು, ಕೈಪಿಡಿ ನೋಡಿ.

ಮಾಸ್ಕನ್ನು ಕೂತು ಬಿಗಿದರೆ ಸಾಲದು. ಮುಖದ ಎಣ್ಣೆ ಜಿಡ್ಡು ತೊಳೆದುಕೊಂಡು ಮಲಗಿ, ಮಷಿನ್ ಚಾಲೂ ಮಾಡಿ. ಮಾಸ್ಕನ್ನು ಮುಖದಿಂದ ಸ್ವಲ್ಪ ಎತ್ತಿ, ಕುಶನ್ ಗಾಳಿ ತುಂಬಿ ಉಬ್ಬಿದ ಮೇಲೆ ಮೆಲ್ಲಗೆ ಕೂರಿಸಿ. ಆಮೇಲೆ ಪಟ್ಟಿ ಹೊಂದಿಸಿ. ಎಡಕ್ಕೆ, ಬಲಕ್ಕೆ ಹೊರಳಿ ನೋಡಿ. ಪಟ್ಟಿ ಜಗ್ಗಿ ಜಗ್ಗಿ ಬಿಗಿದರೆ ಕುಶನ್ ಮಡಚಿಕೊಂಡು ಲೀಕ್ ಹೆಚ್ಚುವುದೇ ಜಾಸ್ತಿ. ನಮ್ಮ ಕಡೆಯ ಹುರಿಮೀಸೆ ಇದ್ದವರಿಗೆ ಮೂಗಿನ ಹೊಳ್ಳೆಗೆ ಕೂರುವ ಪಿಲ್ಲೋ ಮಾಸ್ಕ್ ಒಗ್ಗಬಹುದು. ಬೆಳಿಗ್ಗೆ ಬಾಯಿ ಪೂರ್ತಿ ಒಣಗಿದ್ದರೆ ಬಾಯಿಂದ ಗಾಳಿ ಹೋಗುತ್ತಿರಬಹುದು. ಮೂಗು ಕಟ್ಟಿದೆಯೇ ನೋಡಿಸಿ, ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕ್ ಬಗ್ಗೆ ಕೇಳಿ.

4. ಎ.ಎಚ್.ಐ.

ತಾಸಿಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡ್ ನಿಂತಿತು ಅಥವಾ ತೀರಾ ಕಡಿಮೆಯಾಯಿತು ಎಂಬ ಲೆಕ್ಕ ಇದು. ಪರೀಕ್ಷೆಯಲ್ಲಿ 5ರಿಂದ 15 ಇದ್ದರೆ ಸೌಮ್ಯ, 30 ದಾಟಿದರೆ ತೀವ್ರ. ಮಷಿನ್ ಹಾಕಿದ ಮೇಲೆ 5ಕ್ಕಿಂತ ಕಡಿಮೆ ಬರಬೇಕು. ಆದರೆ ಮಷಿನ್‌ಗೆ ಕಾಣುವುದು ಗಾಳಿಯ ಹರಿವು ಮಾತ್ರ. ನೀವು ಎಚ್ಚರ ಇದ್ದೀರೋ ಮಲಗಿದ್ದೀರೋ ಅದಕ್ಕೆ ತಿಳಿಯದು. ಒಂದು ರಾತ್ರಿ 7 ಬಂತೆಂದು ಗಾಬರಿ ಬೇಡ, ವಾರದ ಸರಾಸರಿ ನೋಡಿ.

5. ಕೊನೆಗೆ ಪ್ರೆಶರ್

ಪ್ರೆಶರನ್ನು ತಾವೇ ಏರಿಸಿ ಇಳಿಸುವ ಆಟೋ ಮಷಿನ್‌ಗಳನ್ನು ಎಷ್ಟೋ ಸಲ 4ರಿಂದ 20ರವರೆಗೆ (ಸೆಂ.ಮೀ. ನೀರಿನ ಒತ್ತಡದ ಲೆಕ್ಕದಲ್ಲಿ) ಬಿಟ್ಟಿರುತ್ತಾರೆ. ಕೆಲವರಿಗೆ 4ರಲ್ಲಿ ಗಾಳಿ ಸಾಲದೆ ಉಸಿರು ಕಟ್ಟಿದಂತೆ ಆಗುತ್ತದೆ. ‘95 ಪರ್ಸೆಂಟೈಲ್’ ಎಂಬ ಅಂಕಿ, ರಾತ್ರಿಯ ಬಹುಪಾಲು ಹೊತ್ತು ಪ್ರೆಶರ್ ಎಷ್ಟರ ಒಳಗೇ ಇತ್ತು ಎಂದು ಹೇಳುತ್ತದೆ. ಅದನ್ನು ನೋಡಿ ಡಾಕ್ಟರ್ ಕೆಳಗಿನ ಮೇಲಿನ ಮಿತಿ ಹೊಂದಿಸುತ್ತಾರೆ. ಇದನ್ನು ಅವರಿಗೇ ಬಿಡಲು ಕಾರಣವಿದೆ. ಲೆಕ್ಕದಲ್ಲಿ ‘ಸೆಂಟ್ರಲ್’ ಅಥವಾ ‘ಕ್ಲಿಯರ್ ಏರ್‌ವೇ’ ಎಂದು ಬರುವ ತಡೆಗಳಲ್ಲಿ ಗಂಟಲು ತೆರೆದೇ ಇರುತ್ತದೆ, ಉಸಿರಾಡುವ ಪ್ರಯತ್ನವೇ ನಿಂತಿರುತ್ತದೆ. ಪ್ರೆಶರ್ ಏರಿಸಿದರೆ ಇವು ಹೆಚ್ಚಬಹುದು. ಹೃದಯದ ತೊಂದರೆ ಇದ್ದವರಂತೂ ತಾವೇ ಕೈ ಹಾಕಲೇಬಾರದು.

ನಮ್ಮೂರಿನ ಧೂಳು, ನೀರು

ಜೋಳದ ರಾಶಿ ನಡೆಯುವಾಗ ಫಿಲ್ಟರ್ ಬೇಗ ಕಪ್ಪಾಗುತ್ತದೆ. ವಾರಕ್ಕೊಮ್ಮೆ ತೆಗೆದು ನೋಡಿ. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್‌ಗೆ ಬೋರ್‌ವೆಲ್ ನೀರು ಹಾಕಿದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದದ್ದನ್ನು ಬೆಳಿಗ್ಗೆ ಚೆಲ್ಲಿ. ಚಳಿಗಾಲದಲ್ಲಿ ಪೈಪ್‌ನೊಳಗೆ ಹನಿ ಕೂತರೆ ತೇವಾಂಶ ಸ್ವಲ್ಪ ಇಳಿಸಿ. ಕರೆಂಟ್ ಹೋದರೆ ಮಾಸ್ಕ್ ತೆಗೆಯಿರಿ. ಇನ್ವರ್ಟರ್ ಇದ್ದರೆ ಮಷಿನ್ ಅದರ ಲೈನ್‌ನಲ್ಲೇ ಇರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ವಾರ ನೋಡಿ, ತಾರೀಖು ಹಾಕಿ ಬರೆದಿಡಿ. ಹಗಲು ತೂಕಡಿಕೆ ಇರುವವರೆಗೆ ಸೋಲಾಪುರ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿಯಬೇಡಿ. ಲೀಕ್ ಇಲ್ಲ, ಎ.ಎಚ್.ಐ. 5ರ ಒಳಗಿದೆ, ಏಳು ತಾಸು ನಿದ್ದೆಯೂ ಆಗಿದೆ, ಆದರೂ ಸುಸ್ತು ಎನ್ನುವವರು ಆ ಬರಹ, ಕಾರ್ಡ್ ಎರಡನ್ನೂ ಡಾಕ್ಟರ್ ಬಳಿ ಒಯ್ಯಿರಿ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬೇಕೇ ಎಂದು ಅದೇ ದಿನ ಕೇಳಿ.